ಬೆಳಿಗ್ಗೆ 8ಕ್ಕೆ ಮುಂಚೆ ಮೂರು ಹಾಡು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಕೊನೆಯ ನೈಟ್ ಡ್ಯೂಟಿ ಮುಗಿಯಿತು.

2002ರಲ್ಲಿ ನರ್ಸ್ ಕೆಲಸಕ್ಕೆಂದು ಕುಂದಾಪುರದ ಕಡೆಯಿಂದ ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ಗೆ ಬಂದವಳು ನಾನು. ಅವತ್ತಿನಿಂದ ಹೆಚ್ಚುಕಮ್ಮಿ ಪ್ರತಿ ವಾರ ಮೂರು ರಾತ್ರಿ ವಾರ್ಡಿನಲ್ಲೇ ಬೆಳಗಾಗಿದೆ. ಸಂಜೆ 7.30ಕ್ಕೆ ಒಳಗೆ ಹೋದರೆ ಬೆಳಿಗ್ಗೆ 8ಕ್ಕೆ ಹೊರಗೆ. ಇನ್ನು ಮುಂದೆ ಹಗಲಿನ ಕ್ಲಿನಿಕ್. ಅವತ್ತು ಬೆಳಗಿನ ಪಾಳಿಯವರಿಗೆ ಎಲ್ಲ ಒಪ್ಪಿಸಿದೆ. ಔಷಧಿ ಕಪಾಟಿನ ಬೀಗದ ಕೈ ಕೊಟ್ಟೆ. ಕೋಟು ಹಾಕಿಕೊಂಡು ಕಾರ್ ಪಾರ್ಕಿಗೆ ಬಂದರೆ ನನ್ನ ಕಾರಿನ ಸುತ್ತ ಹದಿನಾಲ್ಕು ಜನ ನಿಂತಿದ್ದರು.

ಹೆಚ್ಚಿನವರು ನನ್ನ ಜೊತೆ ಕುಣಿಯುವವರು, ಅರವತ್ತು ದಾಟಿದವರು. ಇಬ್ಬರಿಗೆ ಎಪ್ಪತ್ತೈದರ ಮೇಲೆ. ಹೆಂಗಸರು ಆ ಚಳಿಯಲ್ಲೂ ತಿರುಗಿದರೆ ಕೊಡೆಯಂತೆ ಅರಳುವ ಸ್ಕರ್ಟ್ ಉಟ್ಟಿದ್ದರು. ಗಂಡಸರು ಅಗಲ ಕಾಲಿನ ಪ್ಯಾಂಟು, ತೊಗಲಿನ ಅಟ್ಟೆಯ ಶೂ. ನನ್ನ ಮಗಳು ಕಾರಿನ ಕಿಟಕಿ ಇಳಿಸಿದಳು. ಒಳಗೆ ಮಲಗಿದ ರೋಗಿಗಳಿಗೆ ತೊಂದರೆ ಆಗಬಾರದು ಅಂತ ಮೆಲ್ಲಗೆ ಮೂರು ಹಾಡು ಹಾಕಿದಳು. ಟೋಬಿ ಲೆಜೆಂಡ್, ಜಿಮ್ಮಿ ರಾಡ್‌ಕ್ಲಿಫ್, ಕೊನೆಗೆ ಡೀನ್ ಪ್ಯಾರಿಶ್ ಹಾಡಿದ್ದು. ಅಷ್ಟೂ ಜನ ಆ ಡಾಂಬರಿನ ಮೇಲೆ ಕುಣಿದರು. ನಾನೂ ಕುಣಿದೆ. ಹನ್ನೆರಡು ಗಂಟೆ ನಿಂತ ಕಾಲು ಅದು. ಆದರೂ ಕುಣಿಯಿತು.

ಅಲ್ಲಿ ಒಂದು ಮಾತೂ ಆಡಲು ಆಗಲಿಲ್ಲ. ಗಂಟಲು ಕಟ್ಟಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಗಳು ಇದನ್ನು ಅವರಿಗೆ ಓದಿ ಅರ್ಥ ಹೇಳುತ್ತಾಳೆ. ಕನ್ನಡದಲ್ಲೇ ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಹೇಳಬೇಕಾದ ಧನ್ಯವಾದದಲ್ಲಿ ಅರ್ಧ ಇಲ್ಲಿನ ಒಂದು ಕನ್ನಡದ ಮನೆಗೆ ಸೇರಬೇಕು.

ಆ ಮೂರು ಹಾಡಿನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅವು ನಾರ್ದರ್ನ್ ಸೋಲ್ ಹಾಡು. ಸೋಲ್ ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಒಂದು ಬಗೆಯ ಹಾಡು. ಅದಕ್ಕೆ ಇಂಗ್ಲೆಂಡಿನ ಉತ್ತರದವರು ರಾತ್ರಿಯಿಡೀ ಕುಣಿಯುತ್ತಿದ್ದರು. ವಿಗನ್ ಎಂಬ ಊರಿನಲ್ಲಿ ಕ್ಯಾಸಿನೊ ಅಂತ ಒಂದು ಹಳೆಯ ನೃತ್ಯದ ಹಾಲ್ ಇತ್ತು. ಹೆಸರು ಕ್ಯಾಸಿನೊ ಆದರೂ ಅಲ್ಲಿ ಜನ ಬರುತ್ತಿದ್ದದ್ದು ಕುಣಿಯೋಕೆ. 1973ರ ಸೆಪ್ಟೆಂಬರ್ 23ರಂದು ಅಲ್ಲಿ ಮೊದಲ ಆಲ್‌ನೈಟರ್, ಅಂದರೆ ಬೆಳಗಿನವರೆಗಿನ ಕುಣಿತ, ನಡೆಯಿತು. ಆರಂಭದಲ್ಲಿ ರಾತ್ರಿ 2ಕ್ಕೆ ಶುರುವಾಗಿ ಬೆಳಿಗ್ಗೆ 8ಕ್ಕೆ ಮುಗಿಯುತ್ತಿತ್ತು. ಮುಗಿಸುವಾಗ ಯಾವಾಗಲೂ ಇದೇ ಮೂರು ಹಾಡು. ಅದಕ್ಕೆ ‘ಥ್ರೀ ಬಿಫೋರ್ ಎಯ್ಟ್’ ಅಂತಲೇ ಹೆಸರು ಬಿತ್ತು. ಕ್ಯಾಸಿನೊ 1981ರ ಡಿಸೆಂಬರ್‌ನಲ್ಲಿ ಮುಚ್ಚಿತು. ಮರುವರ್ಷ ಬೆಂಕಿ ಬಿತ್ತು, ಆಮೇಲೆ ಕಟ್ಟಡವನ್ನೇ ಕೆಡವಿದರು. ಈಗ ಆ ಜಾಗದಲ್ಲಿ ದೊಡ್ಡ ಶಾಪಿಂಗ್ ಸೆಂಟರ್ ಇದೆ. ಆದರೆ ಆ ಮೂರು ಹಾಡು ಬಂದರೆ ಈಗಲೂ ಕುಳಿತವರು ಎದ್ದು ನಿಲ್ಲುತ್ತಾರೆ.

ಬೆಳಿಗ್ಗೆ 8. ನನ್ನ ಪಾಳಿ ಮುಗಿಯುವುದೂ ಅದೇ ಹೊತ್ತಿಗೆ. ಇದನ್ನು ಮೊದಲು ನನಗೆ ತೋರಿಸಿಕೊಟ್ಟವಳು ಅಕ್ಕ.

ಅಕ್ಕ ಅಂದರೆ ನಮ್ಮ ವಾರ್ಡಿನಲ್ಲಿ ಸಹಾಯಕಿಯಾಗಿದ್ದವಳು. ಸ್ಟೋಕ್‌ನಲ್ಲೇ ಹುಟ್ಟಿ ಬೆಳೆದ ಇಂಗ್ಲಿಷ್ ಹೆಂಗಸು. ನನಗಿಂತ ತುಂಬ ದೊಡ್ಡವಳು. ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಅಕ್ಕ ಅಂದೆ. ಅರ್ಥ ಕೇಳಿದಳು, ಹೇಳಿದೆ. ಆಮೇಲೆ ಇಡೀ ವಾರ್ಡೇ ಅವಳನ್ನು ಅಕ್ಕ ಅಂತ ಕರೆಯಿತು. ಹುಡುಗಿಯಾಗಿದ್ದಾಗ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪಿಗೆ ಹಿಡಿ ಅಂಟಿಸುವ ಕೆಲಸ ಮಾಡುತ್ತಿದ್ದಳಂತೆ. ಸ್ಟೋಕ್ ಅಂದರೆ ಪಿಂಗಾಣಿ ಮತ್ತು ಕಲ್ಲಿದ್ದಲು. ವಾರವಿಡೀ ಮಣ್ಣು, ದೂಳು, ಸೈರನ್. ಶನಿವಾರ ರಾತ್ರಿ ಮಾತ್ರ ತಮ್ಮದು.

1972ರಲ್ಲಿ, 16ನೇ ವಯಸ್ಸಿನಲ್ಲಿ, ಅವಳು ಟನ್‌ಸ್ಟಾಲ್‌ನ ಗೋಲ್ಡನ್ ಟಾರ್ಚ್ ಎಂಬ ಕುಣಿತದ ಕ್ಲಬ್ಬಿಗೆ ಹೋದಳು. ಸಾಲುಮನೆಗಳ ನಡುವೆ, ಹಿಂದೆ ಸಿನಿಮಾ ಥಿಯೇಟರ್ ಆಗಿದ್ದ ಕಟ್ಟಡ ಅದು. ಆ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಮೇಜರ್ ಲ್ಯಾನ್ಸ್ ಎಂಬ ಗಾಯಕ ಬಂದು ಹಾಡಿದ. ಅದನ್ನು ಅಲ್ಲೇ ರೆಕಾರ್ಡ್ ಮಾಡಿ ಎಲ್‌ಪಿ ತಂದರು. ‘ಅದರಲ್ಲಿ ಕೇಳುವ ಕೂಗಿನಲ್ಲಿ ನನ್ನದೂ ಇದೆ’ ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ. 1973ರಲ್ಲಿ ಟಾರ್ಚ್ ಮುಚ್ಚಿತು. ಅವಳು ವಿಗನ್‌ಗೆ ಹೊರಟಳು. ಕೈಯಲ್ಲೊಂದು ಚೀಲ. ಅದರಲ್ಲಿ ಟವೆಲ್, ಬದಲಿಸಲು ಬಟ್ಟೆ, ಪೌಡರ್ ಡಬ್ಬಿ. ನೆಲ ಅಂಟಿದರೆ ಕಾಲು ಜಾರುವುದಿಲ್ಲ. ಅದಕ್ಕೆ ನೆಲದ ಮೇಲೆ ಚಿಟಿಕೆ ಪೌಡರ್ ಉದುರಿಸಿಕೊಳ್ಳಬೇಕು. ಬೆಳಿಗ್ಗೆ 8ಕ್ಕೆ ಹೊರಗೆ ಬಂದವರಲ್ಲಿ ಎಷ್ಟೋ ಜನ ಊರಿನ ಈಜುಕೊಳಕ್ಕೆ ಹೋಗಿ ಮೈ ತೊಳೆದುಕೊಂಡು ರೈಲು ಹತ್ತುತ್ತಿದ್ದರಂತೆ.

ಎಲ್ಲವೂ ಚಂದವಾಗಿತ್ತು ಅಂತ ನಾನು ಬರೆಯುವುದಿಲ್ಲ. ನಿದ್ದೆ ಬರಬಾರದು ಅಂತ ಮಾತ್ರೆ ನುಂಗುವವರು ಆಗ ಬಹಳ ಇದ್ದರು. ಪೊಲೀಸರು ಬರುತ್ತಿದ್ದರು. ಅಕ್ಕನ ಜೊತೆ ಕುಣಿದ ಒಬ್ಬಳು ಅದರಿಂದಲೇ ಹಾಳಾದಳು. ನರ್ಸಾಗಿ ಇದನ್ನು ಮುಚ್ಚಿಡಲಾರೆ. ಅಕ್ಕನೂ ಮುಚ್ಚಿಡುವುದಿಲ್ಲ.

ಇನ್ನು ಹೆಸರಿನ ವಿಷಯ. ನಾರ್ದರ್ನ್ ಸೋಲ್‌ನಲ್ಲಿ ಹಾಡು ಅಮೆರಿಕದ್ದು, ಹೆಸರು ಇಂಗ್ಲೆಂಡಿನದ್ದು. ಲಂಡನ್ನಿನಲ್ಲಿ ಡೇವ್ ಗಾಡಿನ್ ಎಂಬವರ ರೆಕಾರ್ಡ್ ಅಂಗಡಿ ಇತ್ತು. ಫುಟ್‌ಬಾಲ್ ನೋಡಲು ಉತ್ತರದಿಂದ ಬರುತ್ತಿದ್ದ ಹುಡುಗರು ಅಲ್ಲಿ ಹೊಸ ಹಾಡು ಕೇಳುತ್ತಿರಲಿಲ್ಲ. 1960ರ ದಶಕದ ಜೋರು ತಾಳದ ಹಳೆಯ ಹಾಡೇ ಬೇಕು ಅನ್ನುತ್ತಿದ್ದರು. ಅವರಿಗೆ ಬೇಕಾದದ್ದು ಇದು ಅಂತ ಗುರುತಿಗೆ ಗಾಡಿನ್ ಇಟ್ಟ ಹೆಸರು ನಾರ್ದರ್ನ್ ಸೋಲ್. 1970ರಲ್ಲಿ ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ಬಿಗೆ ಹೋಗಿ ಬಂದು ಪತ್ರಿಕೆಯಲ್ಲೂ ಅದನ್ನು ಬರೆದರು. ಡೆಟ್ರಾಯಿಟ್, ಶಿಕಾಗೋ, ಫಿಲಡೆಲ್ಫಿಯಾದಲ್ಲಿ ಹೆಚ್ಚಾಗಿ ಕಪ್ಪು ಗಾಯಕರು ಹಾಡಿದ್ದು ಈ ಹಾಡುಗಳು. ಎಷ್ಟೋ ರೆಕಾರ್ಡುಗಳು ಅಲ್ಲಿ ಮಾರಾಟವೇ ಆಗಲಿಲ್ಲ. ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಅವನ್ನು ಹುಡುಕಿ ತಂದು ಕುಣಿದವರು ಇಲ್ಲಿನ ಗಿರಣಿ, ಗಣಿ, ಕಾರ್ಖಾನೆಯ ಮಕ್ಕಳು. ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಒಂದು ರೆಕಾರ್ಡಿನ ಪ್ರತಿಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. 2009ರಲ್ಲಿ ಅದರ ಒಂದು ಪ್ರತಿ 25 ಸಾವಿರ ಪೌಂಡಿಗಿಂತ ಜಾಸ್ತಿಗೆ ಹೋಯಿತು. ಅಂಗೈ ಅಗಲದ ಒಂದು ತಟ್ಟೆಗೆ!

ನನಗೆ ಈ ಕಥೆಯಲ್ಲಿ ಬೆಲೆಗಿಂತ ಹೆಚ್ಚು ಮುಟ್ಟುವುದು ಬೇರೆ. ಹಾಡಿ ಮರೆತುಹೋದ ಗಾಯಕರನ್ನು ಎಷ್ಟೋ ವರ್ಷದ ಮೇಲೆ ಇಲ್ಲಿಗೆ ಕರೆಸುತ್ತಾರೆ. ಅವರು ವೇದಿಕೆ ಹತ್ತಿದರೆ ಹಾಲ್ ತುಂಬ ಜನ ಪ್ರತಿ ಪದವನ್ನೂ ಜೊತೆಗೆ ಹಾಡುತ್ತಾರೆ. ಅಂಥ ಒಬ್ಬ ಮುದುಕ ಮೈಕ್ ಹಿಡಿದು ಸುಮ್ನೆ ನಿಂತುಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆತನ ಸಾಲನ್ನು ಜನವೇ ಮುಗಿಸಿದರು.

2011ರಲ್ಲಿ ನನ್ನ ಯಜಮಾನರು ಹೋದರು. ಹೃದಯಾಘಾತ. ನಾನು ನೈಟ್ ಡ್ಯೂಟಿಯಲ್ಲಿದ್ದೆ. ಮಗಳಿಗೆ ಎಂಟು ವರ್ಷ. ಇದಕ್ಕಿಂತ ಜಾಸ್ತಿ ಬರೆಯಲು ಈಗಲೂ ಆಗುವುದಿಲ್ಲ.

ಆಮೇಲೆ ರಾತ್ರಿ ಎನ್ನುವುದು ನನಗೆ ಶತ್ರುವಾಯಿತು. ಡ್ಯೂಟಿ ಇದ್ದ ರಾತ್ರಿ ಹೇಗೋ ಕಳೆಯುತ್ತಿತ್ತು. ಡ್ಯೂಟಿ ಇಲ್ಲದ ರಾತ್ರಿ ನಿದ್ದೆಯೂ ಇಲ್ಲ, ಕೆಲಸವೂ ಇಲ್ಲ. ಅಡುಗೆಮನೆಯ ದೀಪ ಹಾಕಿಕೊಂಡು ಕೂರುತ್ತಿದ್ದೆ. ಎರಡು ವರ್ಷ ಹೀಗೇ. ಅಕ್ಕ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. 2013ರಲ್ಲಿ ಒಂದು ದಿನ ಬೆಳಗಿನ 5ರ ಚಹಾ ಹೊತ್ತಿಗೆ ಅಂದಳು: ‘ಹೇಗೂ ಎದ್ದಿರುತ್ತೀಯಲ್ಲ. ಒಬ್ಬಳೇ ಯಾಕೆ ಎದ್ದಿರಬೇಕು? ಶನಿವಾರ ನನ್ನ ಜೊತೆ ಬಾ.’

ಸ್ಟೋಕ್‌ನ ಕಿಂಗ್ಸ್ ಹಾಲ್‌ಗೆ ಕರೆದುಕೊಂಡು ಹೋದಳು. ದೊಡ್ಡ ಹಾಲ್, ಮರದ ನೆಲ. ನಾನು ಚೂಡಿದಾರದಲ್ಲಿ ಹೋಗಿದ್ದೆ. ಬಾಗಿಲಲ್ಲೇ ಹಿಂಜರಿದೆ. ಯಾರಾದರೂ ಕೈ ಹಿಡಿದು ಎಳೆದರೆ ಏನು ಮಾಡಲಿ ಎಂಬ ಭಯ. ಒಳಗೆ ಹೋದ ಮೇಲೆ ಗೊತ್ತಾಯಿತು, ಇಲ್ಲಿ ಜೋಡಿಯೇ ಬೇಡ. ಪ್ರತಿಯೊಬ್ಬರೂ ಒಬ್ಬೊಬ್ಬರೇ ಕುಣಿಯುತ್ತಾರೆ. ನೂರಾರು ಜನ, ಎಲ್ಲರೂ ಒಬ್ಬೊಬ್ಬರೇ, ಆದರೂ ಒಟ್ಟಿಗೆ. ಕಾಲು ಎಡಕ್ಕೆ ಬಲಕ್ಕೆ ಜಾರುತ್ತದೆ, ಯಾರೋ ಗಿರಗಿರ ತಿರುಗುತ್ತಾರೆ, ಯಾರೋ ಹಿಂದಕ್ಕೆ ಬಾಗಿ ನೆಲಕ್ಕೆ ಕೈಯೂರಿ ಎದ್ದು ಬರುತ್ತಾರೆ. ಹಾಡಿನ ಒಂದು ಜಾಗದಲ್ಲಿ ಇಡೀ ಹಾಲ್ ಒಂದೇ ಚಪ್ಪಾಳೆ ಹೊಡೆಯುತ್ತದೆ. ಯಾರೂ ಸನ್ನೆ ಮಾಡುವುದಿಲ್ಲ. ಎಲ್ಲರಿಗೂ ಆ ಜಾಗ ಗೊತ್ತು. ಆ ಚಪ್ಪಾಳೆ ಮೊದಲ ಸಲ ಕೇಳಿದಾಗ ನನ್ನ ಬೆನ್ನು ಜುಮ್ಮೆಂದಿತು.

ಯಾರ ಜೊತೆ ಬಂದೆ, ಗಂಡ ಎಲ್ಲಿ, ಒಬ್ಬರೂ ಕೇಳಲಿಲ್ಲ. ವಿಧವೆಯಾದ ಮೇಲೆ ಹೋದ ಕಡೆಯೆಲ್ಲ ನನ್ನ ಪಕ್ಕದ ಖಾಲಿ ಜಾಗ ಜನರಿಗೆ ಕಾಣುತ್ತಿತ್ತು. ಇಲ್ಲಿ ಎಲ್ಲರ ಪಕ್ಕದಲ್ಲೂ ಖಾಲಿ ಜಾಗ. ಕುಣಿಯೋಕೆ ಅದು ಬೇಕೇಬೇಕು. ತಾಗಿದರೆ ಕೈ ಎತ್ತಿ ಕ್ಷಮೆ ಕೇಳುತ್ತಾರೆ. ಕುಣಿಯುವ ಜಾಗದಲ್ಲಿ ಗ್ಲಾಸ್ ಹಿಡಿದು ಅಡ್ಡಾಡುವಂತಿಲ್ಲ. ಟ್ವಿಸ್ಟೆಡ್ ವೀಲ್‌ನಲ್ಲಾಗಲಿ ವಿಗನ್ ಆಲ್‌ನೈಟರ್‌ನಲ್ಲಾಗಲಿ ಮದ್ಯವೇ ಮಾರುತ್ತಿರಲಿಲ್ಲವಂತೆ. ನನ್ನಂಥವಳಿಗೆ ಇದೆಲ್ಲ ಎಷ್ಟು ಧೈರ್ಯ ಕೊಟ್ಟಿತು ಎಂದು ಅವರಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಆ ರಾತ್ರಿ ನಾನು ಕುಣಿಯಲಿಲ್ಲ. ಗೋಡೆಗೆ ಒರಗಿ ಕುಳಿತೆ. ಎಷ್ಟೋ ಹೊತ್ತಿಗೆ ಕಣ್ಣು ಎಳೆಯಿತು. ಯಾರೋ ಕೋಟು ಹೊದಿಸಿದರು. ಅರೆನಿದ್ದೆಯಲ್ಲಿ ತಾಳ ಕಿವಿಗೆ ಬೀಳುತ್ತಲೇ ಇತ್ತು. ಆಗ ನೆನಪಾದದ್ದು ಮಂದಾರ್ತಿ ಮೇಳದ ಯಕ್ಷಗಾನದ ಆಟ. ಅಪ್ಪಯ್ಯ ಚಾಪೆ ಹಿಡಿದುಕೊಂಡು ನಮ್ಮನ್ನು ಗದ್ದೆಗೆ ಕರೆದೊಯ್ಯುತ್ತಿದ್ದರು. ಮಧ್ಯರಾತ್ರಿ ನಾವು ಮಕ್ಕಳು ಚಾಪೆ ಮೇಲೆ ಮಲಗುತ್ತಿದ್ದೆವು. ಚಂಡೆ ಜೋರಾದಾಗ ಎಚ್ಚರ. ಬಣ್ಣದ ವೇಷ ಕಂಡು ಮತ್ತೆ ಅಪ್ಪಯ್ಯನ ಪಂಚೆಯೊಳಗೆ. ಬೆಳಗಿನ ಮಂಗಳ ಆದ ಮೇಲೆ ಮಂಜಿನಲ್ಲಿ ಮನೆಗೆ ನಡೆಯುವುದು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಸುತ್ತ ಜನ ಎದ್ದಿದ್ದಾರೆ, ನಾನು ಮಲಗಬಹುದು ಎಂಬ ನೆಮ್ಮದಿ ನನಗೆ ಆ ಎರಡೇ ಕಡೆ ಸಿಕ್ಕಿದ್ದು. ಎರಡು ವರ್ಷದಲ್ಲಿ ಮೊದಲ ಸಲ ನಾನು ಸರಿಯಾಗಿ ನಿದ್ದೆ ಮಾಡಿದ್ದು ಆ ಗದ್ದಲದ ಹಾಲ್‌ನಲ್ಲಿ.

ಮುಂದಿನ ಸಲ ಕುಣಿದೆ.

ಈಗ ಆ ಕನ್ನಡದ ಮನೆಯ ಮಾತು. ಚಿಕ್ಕಮಗಳೂರು ಕಡೆಯವರು. ಅವರನ್ನು ನಾನು ಅತ್ತಿಗೆ ಅನ್ನುತ್ತೇನೆ. ರಕ್ತಸಂಬಂಧವಲ್ಲ, ಆದರೂ ಅತ್ತಿಗೆಯೇ. ಯಜಮಾನರು ಹೋದ ಮೇಲೆ ನನ್ನ ಪ್ರತಿ ನೈಟ್ ಡ್ಯೂಟಿಗೂ ಮಗಳು ಮಲಗಿದ್ದು ಅವರ ಮನೆಯಲ್ಲಿ. ಒಂದೆರಡು ತಿಂಗಳಲ್ಲ, ಏಳು ವರ್ಷ. ಬೆಳಿಗ್ಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಶಾಲೆಗೆ ಬಿಡುತ್ತಿದ್ದರು. ನಾನು ಮನೆಗೆ ಬಂದರೆ ಬಾಗಿಲ ಹತ್ತಿರ ಸಾರಿನ ಪಾತ್ರೆ ಇರುತ್ತಿತ್ತು. ಡ್ಯೂಟಿಯ ರಾತ್ರಿ ಮಗು ನೋಡಿಕೊಳ್ಳುವುದು ಒಂದು. ಕುಣಿಯಲು ಹೋಗುವ ರಾತ್ರಿಯೂ ನೋಡಿಕೊಂಡರಲ್ಲ, ಅದು ಇನ್ನೂ ದೊಡ್ಡದು. ನನಗೇ ಕೇಳಲು ನಾಚಿಕೆಯಾಗಿತ್ತು. ‘ಹೋಗಿ ಬಾ’ ಅಂದರು, ಅಷ್ಟೇ.

ಮಾತಾಡುವವರು ಮಾತಾಡಿದರು. ಒಂದು ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ಅಂದರು, ಗಂಡ ಸತ್ತವಳು ರಾತ್ರಿಯೆಲ್ಲ ಕುಣಿಯೋಕೆ ಹೋಗ್ತಾಳಂತೆ ಅಂತ. ನಾನು ತಲೆ ತಗ್ಗಿಸಿದೆ. ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದೇ ಹೇಳಿದರು: ‘ಅವಳು ಜಾಗರಣೆಗೆ ಹೋಗ್ತಾಳೆ. ಶಿವರಾತ್ರಿ ವರ್ಷಕ್ಕೆ ಒಂದೇ ಸಲ ಬರಬೇಕು ಅಂತ ಎಲ್ಲಿದೆ?’ ಪಂಕ್ತಿ ಸುಮ್ಮನಾಯಿತು. ಅವರು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದರು. ಅತ್ತಿಗೆ, ಆ ಮಾತು ನನ್ನನ್ನು ಎಷ್ಟು ವರ್ಷ ನಡೆಸಿದೆ ಅಂತ ನಿಮಗೆ ಗೊತ್ತಿಲ್ಲ. ಅವತ್ತಿನಿಂದ ನಾನೂ ಅದನ್ನು ಜಾಗರಣೆ ಅಂತಲೇ ಕರೆದೆ. ಅಕ್ಕನಿಗೂ ಆ ಪದ ಕಲಿಸಿದೆ. ‘ಜಾಗರಣೆ ಸ್ಯಾಟರ್ಡೇ’ ಅಂತ ಅವಳು ಮೆಸೇಜ್ ಕಳಿಸುತ್ತಾಳೆ.

ನನಗೆ ತಿರುಗುವುದು ಕಲಿಸಿದವರು ಒಬ್ಬ ಗಣಿ ಕಾರ್ಮಿಕರು. ಹದಿನಾರರಲ್ಲಿ ಗಣಿಗೆ ಇಳಿದವರು. ಗಣಿ ಮುಚ್ಚಿದ ಮೇಲೆ ಬಸ್ ಓಡಿಸಿದರು. ಎದೆಯಲ್ಲಿ ದೂಳು, ಉಸಿರು ಸೀಟಿ ಹೊಡೆಯುತ್ತಿತ್ತು. ಆದರೂ ಮೂರು ಸುತ್ತು ತಿರುಗಿ ನಿಂತರೆ ಕಂಬ ನೆಟ್ಟ ಹಾಗೆ. ‘ಕಾಲು ನೋಡಬೇಡ. ಗೋಡೆ ಮೇಲೆ ಒಂದು ಗುರುತು ಹಿಡಿ. ಎಲ್ಲ ಸುತ್ತಿದರೂ ಕಣ್ಣು ಅಲ್ಲಿಗೇ ಬರಲಿ’ ಅಂದರು. ನಾನು ಗುರುತು ಹಿಡಿದದ್ದು ಗೋಡೆಯ ಗಡಿಯಾರವನ್ನು.

2020 ಬಂತು. ಹಾಲ್‌ಗಳೆಲ್ಲ ಮುಚ್ಚಿದವು. ನನಗೆ ಕೋವಿಡ್ ವಾರ್ಡು. ಶನಿವಾರ ರಾತ್ರಿ ಇವರೆಲ್ಲ ತಮ್ಮ ತಮ್ಮ ಮನೆಯಲ್ಲಿ ರೆಕಾರ್ಡ್ ಹಾಕಿ ಫೋನಿನಲ್ಲಿ ಹಂಚಿಕೊಳ್ಳುತ್ತಿದ್ದರು. ಬೆಳಿಗ್ಗೆ ಕಾರಿನಲ್ಲಿ ಕುಳಿತು ನಾನು ಕೇಳುತ್ತಿದ್ದೆ. ಮಾಸ್ಕಿನ ಗುರುತು ಮುಖದ ಮೇಲೆ ಇರುತ್ತಿತ್ತು. ಒಂದು ಹಾಡಿನಷ್ಟು ಹೊತ್ತು ಅತ್ತು, ಆಮೇಲೆ ಕಾರು ಚಾಲೂ ಮಾಡುತ್ತಿದ್ದೆ. ನಮ್ಮ ಬಾಗಿಲಲ್ಲಿ ಬ್ರೆಡ್ಡು, ಹಾಲು, ಒಮ್ಮೆ ಯಾರೋ ಹೆಣೆದ ಕಾಲುಚೀಲ. ಯಾರು ಇಟ್ಟದ್ದು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

2021ರ ಜನವರಿಯಲ್ಲಿ ಆ ಗಣಿಯವರು ತೀರಿಕೊಂಡರು. ಆಗ ಅಂತ್ಯಕ್ರಿಯೆಗೆ 30 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಉಳಿದವರು ರಸ್ತೆಯ ಎರಡೂ ಬದಿಯಲ್ಲಿ ದೂರ ದೂರ ನಿಂತರು. ಕೋಟಿನ ಮೇಲೆ ಮುಷ್ಟಿಯ ಬ್ಯಾಡ್ಜು. ಸುತ್ತ ‘ಕೀಪ್ ದ ಫೇತ್’ (ನಂಬಿಕೆ ಬಿಡಬೇಡ) ಅಂತ ಬರೆದ, ಇವರೆಲ್ಲರ ಚೀಲದ ಮೇಲೆ ಇರುವ ಬ್ಯಾಡ್ಜು ಅದು. ಶವದ ಗಾಡಿ ನಿಧಾನಕ್ಕೆ ಬಂತು. ಹಿಂದಿನ ಕಾರಿನ ಕಿಟಕಿಯಿಂದ ಅವರ ಇಷ್ಟದ ಹಾಡು. ಹಾಡಿನಲ್ಲಿ ಆ ಜಾಗ ಬಂದಾಗ ಇಡೀ ರಸ್ತೆ ಒಂದೇ ಚಪ್ಪಾಳೆ ಹೊಡೆಯಿತು. ಕೈಗವಸಿನ ಚಪ್ಪಾಳೆ. ಫುಟ್‌ಪಾತಿನ ಮೇಲೆ ನಾನು ಒಂದು ಸುತ್ತು ತಿರುಗಿದೆ. ಗುರುತಾಗಿ ಆ ಗಾಡಿಯನ್ನೇ ಹಿಡಿದಿದ್ದೆ.

2023ರಲ್ಲಿ ವಿಗನ್ ಕ್ಯಾಸಿನೊ ಶುರುವಾಗಿ 50 ವರ್ಷ. ಆ ಜುಲೈನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಎಂಬ ಸಂಗೀತೋತ್ಸವದಲ್ಲಿ, ದೊಡ್ಡ ಆರ್ಕೆಸ್ಟ್ರಾ ಈ ಹಾಡುಗಳನ್ನು ನುಡಿಸಿತು. ಅಕ್ಕ, ಅತ್ತಿಗೆ, ಮಗಳು, ನಾನು ಒಟ್ಟಿಗೆ ಟಿವಿಯಲ್ಲಿ ನೋಡಿದೆವು. ಅಕ್ಕ ಉದ್ದಕ್ಕೂ ಕಣ್ಣು ಒರೆಸಿಕೊಂಡಳು. ಅತ್ತಿಗೆ ಅವಳ ಕೈ ಹಿಡಿದು ಕುಳಿತಿದ್ದರು. ಆ ವರ್ಷವೇ ಅಕ್ಕನ ಜೊತೆ ವಿಗನ್‌ಗೂ ಹೋಗಿ ಬಂದೆ. ಶಾಪಿಂಗ್ ಸೆಂಟರ್ ಒಳಗೆ ಒಂದು ಕಡೆ ನಿಂತಳು. ‘ಸುಮಾರು ಇಲ್ಲೇ’ ಅಂದಳು. ಸುತ್ತ ಜನ ಚೀಲ ಹಿಡಿದು ಓಡಾಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಎಡಕ್ಕೊಂದು, ಬಲಕ್ಕೊಂದು ಹೆಜ್ಜೆ ಜಾರಿಸಿದಳು. ನಾನು ಅವಳ ಕೋಟು ಹಿಡಿದುಕೊಂಡೆ.

ಊರಲ್ಲಿ ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದೆ. ಮೊದಮೊದಲು ಹೆದರಿಕೊಂಡೇ ಹೇಳಿದ್ದು. ಅಮ್ಮ ಕೇಳಿದ್ದು ಒಂದೇ, ‘ಬೆಳಿಗ್ಗೆವರೆಗಾ?’ ಹೌದು ಅಂದೆ. ‘ಹಾಗಾದರೆ ಆಟವೇ ಆಯ್ತು. ಬೆಚ್ಚಗೆ ಹೊದ್ದುಕೊಂಡು ಹೋಗು’ ಅಂದರು. ಅಮ್ಮನಿಗೂ ಧನ್ಯವಾದ.

ಕಾರ್ ಪಾರ್ಕಿಗೆ ಬಂದ ಹದಿನಾಲ್ಕು ಜನರಲ್ಲಿ ಒಬ್ಬರು ಪ್ರೆಸ್ಟನ್‌ನಿಂದ ಬಂದಿದ್ದರು. ಬೆಳಿಗ್ಗೆ 6ಕ್ಕೇ ಮನೆ ಬಿಟ್ಟಿದ್ದರಂತೆ. ಅತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿ ತುಂಬ ಉಪ್ಪಿಟ್ಟು ತಂದಿದ್ದರು. ಹಾಡು ಮುಗಿದ ಮೇಲೆ ಕಾರಿನ ಬಾನೆಟ್ ಮೇಲೆ ತಟ್ಟೆ ಇಟ್ಟುಕೊಂಡು ಎಲ್ಲರೂ ತಿಂದೆವು. ಮಗಳಿಗೀಗ ಇಪ್ಪತ್ತೆರಡು. ಅವಳೇ ಎರಡು ತಿಂಗಳಿಂದ ಎಲ್ಲರಿಗೂ ಫೋನ್ ಮಾಡಿ ಇದನ್ನು ಗುಟ್ಟಾಗಿ ಹೊಂದಿಸಿದ್ದು. ಮಗಾ, ನಿನ್ನ ಅಪ್ಪ ಇದ್ದಿದ್ದರೆ ಅಕ್ಕನ ಪಕ್ಕ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಿನಗೆ ಏನು ಹೇಳಬೇಕು ಅಂತಲೇ ತಿಳಿಯುತ್ತಿಲ್ಲ.

ಹೊರಡುವಾಗ ಅಕ್ಕ ತನ್ನ ಹಳೆಯ ಚೀಲ ತೆರೆದಳು. ವಿಗನ್ ಕಾಲದ ಚೀಲ, ಬಟ್ಟೆಯ ಬ್ಯಾಡ್ಜುಗಳನ್ನು ಅವಳೇ ಹೊಲಿದದ್ದು. ಅದರಿಂದ ಪೌಡರ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಎಡ ಮೊಣಕಾಲು ಕೈಕೊಟ್ಟಿದೆ, ಆಪರೇಷನ್ ಆಗಬೇಕು. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂರುತ್ತಾಳಂತೆ.

ಅಕ್ಕ, ಮುಂದಿನ ಶನಿವಾರ ರಾತ್ರಿ 9ಕ್ಕೆ ಕಾರು ತರುತ್ತೇನೆ. ನಿದ್ದೆ ಬಂದರೆ ಮಲಗು. ಹೊದಿಸಲು ನನ್ನ ಕೋಟು ಇದೆ. ಆ ಮೂರು ಹಾಡು ಬಂದಾಗ ಎಬ್ಬಿಸುತ್ತೇನೆ.